ನೆರಳನ್ನು ಕೇಳಿಸುವ ಮಾಲವಿಕಾ

ಆಸ್ಟ್ರೇಲಿಯಾದ ಬ್ರಿಸ್ಬೇನ್ ನಗರದ ಅಂಚಿನ ಫಾರೆಸ್ಟ್ ಲೇಕ್‌ನಲ್ಲಿ ನವೆಂಬರ್ ತಿಂಗಳಲ್ಲಿ ಬೆಳಿಗ್ಗೆ ಐದು ಗಂಟೆಗೆಲ್ಲ ಬಿಸಿಲು ಬಂದುಬಿಡುತ್ತದೆ. ಮಾಲವಿಕಾ ಅದಕ್ಕಿಂತ ಮೊದಲೇ ಎದ್ದು, ಕಾಫಿ ಕುಡಿದು, ಗ್ಯಾರೇಜಿನಲ್ಲಿ ನಿಂತ ಕಾರಿನೊಳಗೆ ಕೂತಿದ್ದಾರೆ. ಕಾರು ಎಲ್ಲಿಗೂ ಹೊರಟಿಲ್ಲ. ಗಾಜುಗಳನ್ನು ಪೂರ್ತಿ ಏರಿಸಿದ್ದಾರೆ. ಧ್ವನಿ ಗುಂಯ್‌ಗುಡಬಾರದೆಂದು ಸೀಟುಗಳ ಮೇಲೂ ಡ್ಯಾಶ್‌ಬೋರ್ಡಿನ ಮೇಲೂ ಹಳೆಯ ರಜಾಯಿಗಳನ್ನು ಹರಡಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್, ತಲೆಯ ಮೇಲಿನ, ಬಿಸಿಲು ತಡೆಯುವ ವೈಸರ್‌ಗೆ ಸಿಕ್ಕಿಸಿದ ಪುಟ್ಟ ಮೈಕು. ಇವರ ಬಗ್ಗೆ ಬರೆಯಲೆಂದು ಬಂದು ಹಿಂದಿನ ಸೀಟಿನಲ್ಲಿ ಕೂತಿರುವ ನನಗೆ ಅಲುಗಾಡಬೇಡಿ ಎಂದು ಮೊದಲೇ ಹೇಳಿದ್ದಾರೆ.

ಲ್ಯಾಪ್‌ಟಾಪಿನಲ್ಲಿ ತೊಂಬತ್ತು ವರ್ಷಕ್ಕೂ ಹಿಂದಿನ ಒಂದು ಜರ್ಮನ್ ಮೂಕಿಚಿತ್ರ ಓಡುತ್ತಿದೆ. ಮಾಲವಿಕಾ ಮೈಕಿನತ್ತ ಮುಖ ಎತ್ತಿ ಇಂಗ್ಲಿಷಿನಲ್ಲಿ ಹೇಳುತ್ತಾರೆ: “ಕಿರಿದಾದ ಓಣಿ. ಎರಡೂ ಬದಿಯ ಮನೆಗಳು ಒಂದರ ಕಡೆಗೊಂದು ವಾಲಿವೆ. ಒಬ್ಬ ಗಂಡಸು ಬರುತ್ತಿದ್ದಾನೆ. ಅವನಿಗಿಂತ ಮೊದಲು ಅವನ ನೆರಳು ಬರುತ್ತದೆ.” ಚಿತ್ರ ನಿಲ್ಲಿಸುತ್ತಾರೆ. ಹಿಂದಕ್ಕೆ ಓಡಿಸಿ ಅದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳುತ್ತಾರೆ. ‘ಬರುತ್ತದೆ’ ಎನ್ನುವುದು ‘ಗೋಡೆ ಹತ್ತುತ್ತದೆ’ ಆಗುತ್ತದೆ. ಮೂರನೆಯ ಸಲ ಹೇಳುವಾಗ ಹೊರಗೆ ನೀಲಗಿರಿ ಜಾತಿಯ ಗಮ್ ಮರದಲ್ಲಿ ಕೂಕಬರಾ ಹಕ್ಕಿ ಗಹಗಹಿಸಿ ನಗತೊಡಗುತ್ತದೆ. ಅದರ ಹಿಂದೆ ಗಿಳಿಗಳ ಗುಂಪು. ಮಾಲವಿಕಾ ಮೈಕು ತೆಗೆದು ಡಬ್ಬಿಗೆ ಹಾಕುತ್ತಾರೆ.

“ಅವು ಎದ್ವು ಅಂದ್ರೆ ನನ್ನ ಸ್ಟುಡಿಯೊ ಬಂದ್” ಎನ್ನುತ್ತಾರೆ. “ಹೋದ ತಿಂಗಳು ಗೊತ್ತಾಗ್ದೆ ಒಂದು ಸೀನ್ ಪೂರ್ತಿ ರೆಕಾರ್ಡ್ ಮಾಡ್ಬಿಟ್ಟಿದ್ದೆ. ಸಾವಿನ ಸೀನು. ಕೇಳಿಸ್ಕೊಂಡ್ರೆ ಹಿಂದೆ ಕೂಕಬರಾ ನಗ್ತಾ ಇದೆ.”

ಮಾಲವಿಕಾ ಮಾಡುವ ಕೆಲಸಕ್ಕೆ ಆಡಿಯೊ ಡಿಸ್ಕ್ರಿಪ್ಷನ್ ಎಂದು ಹೆಸರು. ಕಣ್ಣು ಕಾಣದವರು ಸಿನಿಮಾ ಮಂದಿರದಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾರೆ. ಪಾತ್ರಗಳು ಮಾತಾಡದೆ ಇರುವ ಸಂದುಗಳಲ್ಲಿ, ತೆರೆಯ ಮೇಲೆ ಏನಾಗುತ್ತಿದೆ ಎಂದು ಒಂದು ಧ್ವನಿ ಅವರ ಕಿವಿಯಲ್ಲಿ ಹೇಳುತ್ತ ಹೋಗುತ್ತದೆ. ಬಾಗಿಲು ತೆರೆಯಿತು, ಆಕೆ ಕಾಗದವನ್ನು ಹರಿದಳು, ಅವನು ನಗಲಿಲ್ಲ. ಪಕ್ಕದ ಸೀಟಿನವರಿಗೆ ಆ ಧ್ವನಿ ಕೇಳಿಸುವುದಿಲ್ಲ. ಬ್ರಿಸ್ಬೇನಿನ ಒಂದು ಸ್ವಯಂಸೇವಕರ ಗುಂಪಿನಲ್ಲಿ ಹೀಗೆ ವಿವರಣೆ ಹೇಳುವ ಕೆಲವೇ ಮಂದಿಯಲ್ಲಿ ಮಾಲವಿಕಾ ಒಬ್ಬರು. ಮೂಕಿಚಿತ್ರಗಳನ್ನು ಕೈಗೆತ್ತಿಕೊಳ್ಳುವವರು ಅವರೊಬ್ಬರೇ. ಅಲ್ಲಿ ಮಾತೇ ಇಲ್ಲ, ಆದ್ದರಿಂದ ಸಂದೂ ಇಲ್ಲ. ಎಲ್ಲವನ್ನೂ ಇವರೇ ಹೇಳಬೇಕು.

ಹೊಟ್ಟೆಪಾಡಿನ ಕೆಲಸ ಬೇರೆ ಇದೆ. ಬೆಳಗಾದ ಮೇಲೆ ಸೆಂಟೆನರಿ ಮೋಟರ್‌ವೇ ಹಿಡಿದು ಟೂವಾಂಗ್‌ಗೆ ಹೋಗಿ, ಅಲ್ಲಿನ ಪೆಥಾಲಜಿ ಸೆಂಟರಿನಲ್ಲಿ ಮಧ್ಯಾಹ್ನದವರೆಗೆ ರಕ್ತದ ಸ್ಯಾಂಪಲ್ ತೆಗೆಯುತ್ತಾರೆ. ಮೈಸೂರಿನಲ್ಲಿ ಬಿ.ಎಸ್ಸಿ. ಮುಗಿಸಿದ್ದವರು ಇಲ್ಲಿಗೆ ಬಂದ ಮೇಲೆ ಈ ಕೆಲಸದ ಕೋರ್ಸ್ ಮಾಡಿಕೊಂಡರು. ಗಂಡ ವಸಂತಕುಮಾರ್ ನೀರಿನ ಪೈಪ್‌ಲೈನ್‌ಗಳ ಎಂಜಿನಿಯರ್. ಹೆಂಡತಿ ಗ್ಯಾರೇಜಿನಲ್ಲಿ ಏನು ಮಾಡುತ್ತಾಳೆಂದು ಅಕ್ಕಪಕ್ಕದವರು ಕೇಳಿದರೆ, “ಕಾರ್ ಜೊತೆ ಮಾತಾಡ್ತಾಳೆ” ಎಂದಷ್ಟೇ ಹೇಳುತ್ತಾರಂತೆ. ಮಗಳು ಚಿನ್ಮಯಿಗೆ ಹದಿನೈದು.

ಈ ಕೆಲಸದ ಮೊದಲ ಪಾಠ ಆದದ್ದು ಬ್ರಿಸ್ಬೇನಿನಲ್ಲಲ್ಲ, ಪರ್ತ್‌ನಲ್ಲಿ. ೨೦೧೦ರಲ್ಲಿ ವಸಂತಕುಮಾರ್ ಅವರಿಗೆ ಅಲ್ಲಿ ಕೆಲಸ ಸಿಕ್ಕಾಗ ದಂಪತಿ ಬೆಂಟ್ಲಿಯಲ್ಲಿ ಮನೆ ಹಿಡಿದರು. ಯೂನಿವರ್ಸಿಟಿಯ ಹತ್ತಿರದ ಬೀದಿ. ಸುತ್ತಲೂ ನಾಲ್ಕೈದು ಜನ ಸೇರಿ ಬಾಡಿಗೆ ಹಂಚಿಕೊಂಡಿರುವ ವಿದ್ಯಾರ್ಥಿಗಳು. ಅವರ ನಡುವೆ, ಪಕ್ಕದ ಯೂನಿಟ್ಟಿನಲ್ಲೇ, ದಾವಣಗೆರೆ ಕಡೆಯ ಇನ್ನೊಂದು ಕನ್ನಡ ಮನೆ. ಉಮಾಕಾಂತ ಗಣಿ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದರು. ಅವರ ಹೆಂಡತಿ ವನಜಾ ಆಸ್ಪತ್ರೆಯಲ್ಲಿ ನರ್ಸ್.

ಉಮಾಕಾಂತರಿಗೆ ಆಗ ಐವತ್ತು ದಾಟಿರಲಿಲ್ಲ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾ ಅಂಚಿನಿಂದ ಸಾಯುತ್ತ ಬರುವ ಕಾಯಿಲೆ. ವಂಶದಲ್ಲಿ ಇಳಿದು ಬಂದದ್ದು, ಔಷಧಿ ಇಲ್ಲ. ಮೊದಲು ಕತ್ತಲಲ್ಲಿ ಕಾಣುವುದು ಹೋಯಿತು. ಆಮೇಲೆ ಎಡಬಲ ಹೋಯಿತು. ಮಾಲವಿಕಾ ಪರಿಚಯವಾಗುವ ಹೊತ್ತಿಗೆ ಅವರಿಗೆ ಎದುರಿಗಿನ ಒಂದು ತಟ್ಟೆಯಷ್ಟು ಜಾಗ ಮಾತ್ರ ಕಾಣುತ್ತಿತ್ತು. ಟಿ.ವಿ. ನೋಡಿದರೆ ಮೂಗು ಕಂಡಾಗ ಕೈ ಕಾಣುವುದಿಲ್ಲ, ಕೈ ಕಂಡಾಗ ಚಾಕು ಕಾಣುವುದಿಲ್ಲ. ಸಿನಿಮಾ ಹುಚ್ಚಿನ ಮನುಷ್ಯ. ವನಜಾ ಸಂಜೆ ಶಿಫ್ಟಿಗೆ ಹೋಗುವಾಗ ಮಾಲವಿಕಾ ಅವರನ್ನು ಕೇಳಿಕೊಂಡರು: “ನಿಂಗೆ ಬಿಡುವಿದ್ರೆ ಇವ್ರ ಪಕ್ಕ ಕೂತ್ಕೊಂಡು ಸಿನಿಮಾ ಹೇಳೇ. ಒಬ್ರೇ ಕೂತು ರಿಮೋಟ್ ಎತ್ತಿ ಎಸೀತಾರೆ.”

ಚಿನ್ಮಯಿಯನ್ನು ಪಕ್ಕದಲ್ಲಿ ಬಣ್ಣ ಬಳಿಯಲು ಕೂರಿಸಿಕೊಂಡು ಮಾಲವಿಕಾ ಹೇಳತೊಡಗಿದರು. ಆ ಸೋಫಾದ ಮೇಲೆ ನಡೆದದ್ದೆಲ್ಲ ಕನ್ನಡದಲ್ಲಿ. ಮೊದಮೊದಲು ಅವರು ಹೇಳುತ್ತಿದ್ದುದು ಎಲ್ಲರೂ ಹೇಳುವ ಹಾಗೆ. ಈಗ ಒಂದು ಭಯಂಕರ ಮುಖ ಬಂತು, ಈಗ ಅವಳಿಗೆ ತುಂಬ ದುಃಖ ಆಗಿದೆ, ಇವನು ಕೆಟ್ಟವನು ಅನ್ನಿಸುತ್ತೆ. ಒಂದು ವಾರ ಕೇಳಿಸಿಕೊಂಡ ಉಮಾಕಾಂತ ಒಂದು ಸಂಜೆ ಟಿ.ವಿ. ಆರಿಸಿದರು.

“ಮಾಲವಿಕಾ, ಬೇಜಾರ್ ಮಾಡ್ಕೋಬೇಡಿ. ಭಯಂಕರ ಅಂತ ನೀವೇ ಹೇಳ್ಬಿಟ್ರೆ, ನಾನು ಹೆದರೋಕೆ ಏನು ಉಳೀತು? ನೀವು ಕಂಡಿದ್ದು ಹೇಳಿ. ಹೆದರೋದು ನಾನು ನೋಡ್ಕೋತೀನಿ.”

ಮಾಲವಿಕಾ ಅವರಿಗೆ ಬೇಜಾರೇ ಆಯಿತು. ಎರಡು ದಿನ ಆ ಕಡೆ ಹೋಗಲಿಲ್ಲ. “ಫ್ರೀಯಾಗಿ ಮಾಡೋ ಕೆಲ್ಸಕ್ಕೂ ತಪ್ಪು ಹುಡುಕ್ತಾರಲ್ಲ ಅಂತ ಸಿಟ್ಟು. ಆಮೇಲೆ ಮನೇಲಿ ಒಬ್ಳೇ ಕೂತು ಟ್ರೈ ಮಾಡ್ದೆ. ಭಯಂಕರ ಅನ್ನೋ ಪದ ಬಿಟ್ಟು ಆ ಮುಖ ಹೇಳಕ್ಕೆ ಹೋದ್ರೆ, ನನಗೆ ಆ ಮುಖಾನೇ ನೆನಪಿಲ್ಲ. ನಾನು ನೋಡೇ ಇರ್ಲಿಲ್ಲ. ಹೆದ್ರಿದ್ದೆ ಅಷ್ಟೆ.” ಮೂರನೆಯ ದಿನ ಹೋಗಿ ಕದ ತಟ್ಟಿದರು. ಆಮೇಲೆ ಎರಡು ವರ್ಷ ಆ ಸೋಫಾ ಅವರ ಶಾಲೆಯಾಯಿತು.

೨೦೧೨ರಲ್ಲಿ ವಸಂತಕುಮಾರ್ ಕೆಲಸ ಬ್ರಿಸ್ಬೇನಿಗೆ ಬದಲಾಯಿತು. ಅದೇ ವರ್ಷ ಉಮಾಕಾಂತರ ಕಣ್ಣು ಪೂರ್ತಿ ಹೋಯಿತು. ಕೆಲಸ ಬಿಟ್ಟು, ವನಜಾ ಅವರ ತಂಗಿ ಇರುವ ಅಡಿಲೇಡಿಗೆ ಹೋದರು. ಹೊರಡುವಾಗ ಡಿವಿಡಿಗಳನ್ನೆಲ್ಲ ಬೀದಿಯ ವಿದ್ಯಾರ್ಥಿಗಳಿಗೆ ಕೊಟ್ಟುಬಿಟ್ಟರು. ಸಿನಿಮಾದ ಮಾತು ಬೇಡ ಎಂದರು. ಅಡಿಲೇಡಿನಲ್ಲಿ ಸಿನಿಮಾ ಮಂದಿರಕ್ಕೆ ಕರೆದರೆ, ಪಾಪ್‌ಕಾರ್ನ್ ತಿನ್ನೋಕೆ ಅಷ್ಟು ದೂರ ಯಾಕೆ ಬರಬೇಕು ಎನ್ನುತ್ತಿದ್ದರು. ಮಾಲವಿಕಾ ಫೋನ್ ಮಾಡಿದರೆ ಹವಾಮಾನ ಕೇಳಿ, ವನಜಾ ಕೈಗೆ ಕೊಡುತ್ತಿದ್ದರು.

ಬ್ರಿಸ್ಬೇನಿನಲ್ಲಿ ಪೆಥಾಲಜಿ ಸೆಂಟರಿಗೆ ಬಂದ ಕಣ್ಣಿಲ್ಲದ ಹೆಂಗಸೊಬ್ಬರಿಗೆ, ಸೂಜಿ ಎಲ್ಲಿದೆ, ಟ್ಯೂಬ್ ಎಷ್ಟು ತುಂಬಿತು ಎಂದು ಮಾಲವಿಕಾ ಅಭ್ಯಾಸಬಲದಿಂದ ಹೇಳುತ್ತ ಹೋದರು. ಇದನ್ನು ಎಲ್ಲಿ ಕಲಿತೆ ಎಂದು ಆಕೆ ಕೇಳಿದರು. ಸ್ವಯಂಸೇವಕರ ಗುಂಪಿನ ವಿಳಾಸ ಕೊಟ್ಟವರು ಅವರೇ. ಅಲ್ಲಿ ತರಬೇತಿ ಕೊಡುತ್ತಿದ್ದ ಜೂಡಿತ್, ನಿವೃತ್ತ ರೇಡಿಯೊ ನಾಟಕದವರು, ಹೊಸಬರಿಗೆಲ್ಲ ಮೊದಲು ಕೊಡುತ್ತಿದ್ದುದು ಥ್ರಿಲ್ಲರ್‌ಗಳನ್ನು. ಮಾತು ಕಡಿಮೆ, ಕೆಲಸ ಜಾಸ್ತಿ.

ಒಂದು ವರ್ಷ ಹೀಗೆ ಹೋಯಿತು. ಕೊಲೆಯ ಚಿತ್ರಗಳು, ದೆವ್ವದ ಚಿತ್ರಗಳು, ಮುಖವಾಡ ತೊಟ್ಟು ನಗರ ಕಾಯುವ ವೀರರ ಚಿತ್ರಗಳು. ಮನೆಯಲ್ಲಿ ಅಭ್ಯಾಸ ಮಾಡುವಾಗ ಅಡುಗೆಮನೆಯ ಮೇಜಿನಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಚಿನ್ಮಯಿ ಒಂದು ದಿನ ತಲೆ ಎತ್ತಿ ಹೇಳಿದಳು: “ಅಮ್ಮ, ಯು ಸೆಡ್ ದಟ್ ಲಾಸ್ಟ್ ವೀಕ್ ಟೂ. ಸೇಮ್ ಲೈನ್.”

“ಯಾವ ಲೈನು?”

“ದ ಶ್ಯಾಡೊ ಕಮ್ಸ್ ಬಿಫೋರ್ ಹಿಮ್. ಯು ಆಲ್ವೇಸ್ ಸೇ ಇಟ್.”

ಮಾಲವಿಕಾ ಹಳೆಯ ಸ್ಕ್ರಿಪ್ಟುಗಳನ್ನು ತೆಗೆದು ಓದಿದರು. ಮಗಳು ಹೇಳಿದ್ದು ನಿಜ. ಬೇರೆ ಬೇರೆ ದೇಶದ, ಬೇರೆ ಬೇರೆ ಕಾಲದ ಚಿತ್ರಗಳು. ಆದರೆ ಅವರ ವಾಕ್ಯಗಳು ಅವೇ. ಮೆಟ್ಟಿಲು ಮೇಲಿನಿಂದ ಕಾಣುತ್ತದೆ, ಸುರುಳಿಯಂತೆ. ಕಿಟಕಿಯ ಪಟ್ಟಿಗಳ ನೆರಳು ಅವನ ಮುಖದ ಮೇಲೆ ಗೆರೆ ಎಳೆದಿದೆ. ಅರ್ಧ ಮುಖ ಬೆಳಕು, ಅರ್ಧ ಕತ್ತಲು. ಗೋಡೆಯ ಮೇಲೆ ಒಂದು ಕೈಯ ನೆರಳು, ಬೆರಳುಗಳು ಉದ್ದ. ಮಾಲವಿಕಾ ಅದನ್ನು ತಮ್ಮ ಸೋಮಾರಿತನ ಎಂದುಕೊಂಡು ಜೂಡಿತ್ ಅವರ ಹತ್ತಿರ ಹೋಗಿ ಹೇಳಿದರು. ಜೂಡಿತ್ ನಕ್ಕು, ಅದು ನಿನ್ನ ತಪ್ಪಲ್ಲ, ಈ ಚಿತ್ರಗಳನ್ನು ಮಾಡಿದವರೆಲ್ಲ ಒಂದೇ ಮನೆಯಿಂದ ಸಾಲ ತಂದವರು ಎಂದು ಹೇಳಿ ಕೆಲವು ಮೂಕಿಚಿತ್ರಗಳ ಡಿಸ್ಕುಗಳನ್ನು ಕೊಟ್ಟರು.

ಆ ಮನೆ ಜರ್ಮನಿಯದು. ಮೊದಲ ಮಹಾಯುದ್ಧದಲ್ಲಿ ಹೊರದೇಶದ ಚಿತ್ರಗಳು ಅಲ್ಲಿಗೆ ಬರುವುದು ನಿಂತುಹೋಗಿತ್ತು. ತಮಗೆ ಬೇಕಾದ ಚಿತ್ರಗಳನ್ನು ತಾವೇ ಮಾಡಿಕೊಳ್ಳಬೇಕಾಯಿತು. ಯುದ್ಧ ಸೋತ ಮೇಲೆ ಹಣವೂ ಇಲ್ಲ, ಜನರ ಮನಸ್ಸೂ ನೆಟ್ಟಗಿಲ್ಲ. ಆಗ ಕೆಲವು ಚಿತ್ರಕಾರರು, ರಂಗಭೂಮಿಯವರು ಸೇರಿ ಒಂದು ತೀರ್ಮಾನಕ್ಕೆ ಬಂದರು: ಊರು ಹೇಗಿದೆಯೋ ಹಾಗೆ ತೋರಿಸುವುದು ಬೇಡ, ಹೆದರಿದ ಮನುಷ್ಯನಿಗೆ ಊರು ಹೇಗೆ ಕಾಣುತ್ತದೋ ಹಾಗೆ ತೋರಿಸೋಣ. ಗೋಡೆಗಳನ್ನು ವಾಲಿಸಿದರು. ಬಾಗಿಲುಗಳನ್ನು ಸೊಟ್ಟ ಮಾಡಿದರು. ಕೆಲವು ಚಿತ್ರಗಳಲ್ಲಿ ನೆರಳನ್ನು ದೀಪದಿಂದ ಬೀಳಿಸದೆ ಸೆಟ್ಟಿನ ಮೇಲೆ ಬಣ್ಣದಿಂದಲೇ ಬರೆದರು. ಎಕ್ಸ್‌ಪ್ರೆಶನಿಸಂ ಎಂದು ಇದಕ್ಕೆ ಹೆಸರು ಬಂತು. ಹೆಚ್ಚು ವರ್ಷ ನಡೆಯಲಿಲ್ಲ. ೧೯೩೩ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಇಂಥ ಚಿತ್ರ ಮಾಡುತ್ತಿದ್ದ ಎಷ್ಟೋ ಜನ ದೇಶ ಬಿಟ್ಟು, ಬಹುಪಾಲು ಅಮೆರಿಕ ಸೇರಿದರು. ಅವರ ಜೊತೆ ಹೋದ ನೆರಳು ಅಲ್ಲಿನ ದೆವ್ವದ ಚಿತ್ರಗಳ ಮೇಲೆ ಬಿತ್ತು. ನಲವತ್ತರ ದಶಕದ ಕೊಲೆಗಡುಕರ ಚಿತ್ರಗಳ ಮೇಲೂ ಬಿತ್ತು. ಮೂವತ್ತರ ದಶಕದಲ್ಲಿ ಮುಂಬೈಗೆ ಬಂದು ಕ್ಯಾಮೆರಾ ಹಿಡಿದ ಜರ್ಮನರೂ ಇದ್ದರು.

“ನಾನು ಇದನ್ನೆಲ್ಲ ಓದಿದ್ದು ಆಮೇಲೆ” ಎನ್ನುತ್ತಾರೆ ಮಾಲವಿಕಾ. “ಮೊದಲು ಡಿಸ್ಕ್ ಹಾಕಿ ನೋಡ್ದೆ. ನಾನು ಬರ್ದಿದ್ದ ಲೈನ್‌ಗಳೆಲ್ಲ ಅಲ್ಲಿ ಮೊದ್ಲೇ ಇದ್ವು. ಮೆಟ್ಟಿಲು ಇತ್ತು. ಕೈ ಇತ್ತು. ಊರಲ್ಲಿ ಯಾರ್ದೋ ಮೂಗು ಯಾರ ಮನೇಲೋ ಇರತ್ತಲ್ಲ, ಅಜ್ಜನ ಫೋಟೊ ನೋಡಿದ್ರೆ ಓ ಇಲ್ಲಿಂದ ಬಂದಿದ್ದು ಅನ್ಸತ್ತೆ. ಹಾಗೆ ಆಯ್ತು.”

ಚಿನ್ಮಯಿ ಚಿಕ್ಕವಳಿದ್ದಾಗ ನೋಡುತ್ತಿದ್ದ ಕಾರ್ಟೂನಿನ ಮಾಟಗಾತಿಯ ಕೋಟೆಯೂ ಹಾಗೇ ವಾಲಿತ್ತು. ಮೈಸೂರಿನಲ್ಲಿ ತಾವು ಮಾರ್ನಿಂಗ್ ಶೋಗೆ ಹೋಗಿ ನೋಡಿದ ಕಪ್ಪು–ಬಿಳುಪು ಕನ್ನಡ ಚಿತ್ರಗಳಲ್ಲಿ, ವಿಷ ಬೆರೆಸಲು ಬರುವವನ ನೆರಳು ಬಾಗಿಲ ಪರದೆಯ ಮೇಲೆ ಮೊದಲು ಬೀಳುತ್ತಿದ್ದುದೂ ಅವರಿಗೆ ನೆನಪಾಯಿತು. ಇಂಥದನ್ನೆಲ್ಲ ಹೇಳಲು ಅವರಿಗೆ ಒಬ್ಬರೇ ಇದ್ದರು. ಅಡಿಲೇಡಿಗೆ ಫೋನ್ ಮಾಡಿದರು. ಉಮಾಕಾಂತ ಹವಾಮಾನ ಕೇಳುವ ಮೊದಲೇ ಮಾಲವಿಕಾ ಹೇಳಲು ಶುರುಮಾಡಿದರು. ಆ ಕಡೆ ಫೋನ್ ವನಜಾ ಕೈಗೆ ಹೋಗಲಿಲ್ಲ.

ಬೀಗ ರಿಪೇರಿಯವನೊಬ್ಬನ ಕಥೆಯ ಒಂದು ಜರ್ಮನ್ ಮೂಕಿಚಿತ್ರದ ವಿಷಯ ಬಂದದ್ದು ಅಂಥ ಒಂದು ಫೋನಿನಲ್ಲಿ. ಊರಿನಲ್ಲಿ ಕಳ್ಳತನವಾಗುತ್ತದೆ. ಎಲ್ಲ ಬೀಗಗಳನ್ನೂ ಬಲ್ಲವನು ಅವನೊಬ್ಬನೇ. ಎಲ್ಲರಿಗೂ ಅವನ ಮೇಲೇ ಅನುಮಾನ, ಆದರೆ ಯಾರೂ ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಚಿತ್ರವನ್ನು ಮೂರನೆಯ ಸಲ ನೋಡುತ್ತ ವಿವರಣೆ ಬರೆಯುವಾಗ ಮಾಲವಿಕಾ ಅವರ ಪೆನ್ನು ಒಂದು ಕಡೆ ನಿಂತಿತು. ಮೊದಲು ‘ಅವನು ಒಳಗೆ ಹೋದ’ ಎಂದು ಬರೆದಿದ್ದರು. ಆಮೇಲೆ ‘ಅವನು ತಲೆ ತಗ್ಗಿಸಿ ಒಳಗೆ ಹೋದ’. ಆಮೇಲೆ ‘ಭುಜ ಓರೆಮಾಡಿ ಒಳಗೆ ಹೋದ’. ಊರಿನ ಬಾಗಿಲು ಅದೇ. ಚಿತ್ರ ಮಾಡಿದವರು ಪ್ರತಿ ದೃಶ್ಯಕ್ಕೂ ಅದನ್ನು ಇನ್ನಷ್ಟು ಚಿಕ್ಕದಾಗಿ ಕಟ್ಟುತ್ತ ಹೋಗಿದ್ದಾರೆ.

ಇದನ್ನು ಕೇಳಿ ಉಮಾಕಾಂತ ಆ ಮೂರು ಸಾಲುಗಳನ್ನು ಇನ್ನೊಮ್ಮೆ ಓದಿಸಿಕೊಂಡರು. “ನನ್ನ ಕಣ್ಣು ಹಂಗೇ ಹೋಗಿದ್ದು, ಮಾಲವಿಕಾ” ಎಂದರು. “ದಿನಾ ಒಂಚೂರು. ನಾನು ಸೈಡಿಗೆ ತಿರುಗಿ ತಿರುಗಿ ದಾಟ್ಕೋತಿದ್ದೆ. ಯಾರಿಗೂ ಕಾಣ್ಸಲ್ಲ ಅದು.”

ಅಡಿಲೇಡಿನ ಒಂದು ಸಣ್ಣ ಫಿಲಂ ಸೊಸೈಟಿ ೨೦೧೬ರ ಚಳಿಗಾಲದಲ್ಲಿ ಅದೇ ಚಿತ್ರವನ್ನು ಪಿಯಾನೊ ಜೊತೆ ತೋರಿಸುವುದೆಂದು ಗೊತ್ತಾದಾಗ, ಸೊಸೈಟಿಗೆ ಫೋನ್ ಮಾಡಿ ವಿವರಣೆ ಇರಲೇಬೇಕೆಂದು ಹಟ ಹಿಡಿದವರು ಉಮಾಕಾಂತರೇ. ಸೊಸೈಟಿಯವರು ಒಪ್ಪಿದರು. ಊರಿನ ಕಣ್ಣಿಲ್ಲದವರ ಸಂಘದಿಂದ ಇನ್ನೂ ಏಳು ಜನ ಬರುತ್ತೇವೆಂದರು. ಮಾಲವಿಕಾ ರಜೆ ಹಾಕಿ ವಿಮಾನ ಹತ್ತಿದರು. ಉಮಾಕಾಂತ ಒಂದು ಮಾತು ಹೇಳಿಯೇ ಮನೆಯಿಂದ ಹೊರಟಿದ್ದರಂತೆ. ಅದನ್ನು ನನಗೆ ಹೇಳಿದವರು ವನಜಾ: “ಇದೊಂದು ಸಲ ಬರ್ತೀನಿ, ಅರ್ಥ ಆಗ್ಲಿಲ್ಲ ಅಂದ್ರೆ ಮತ್ತೆ ಯಾವತ್ತೂ ನನ್ನ ಕರೀಬೇಡ ಅಂದ್ರು. ನಾಲ್ಕು ವರ್ಷದಿಂದ ಸಿನಿಮಾಗೆ ಕಾಲಿಟ್ಟಿರ್ಲಿಲ್ಲ ಆ ಮನುಷ್ಯ.”

ಬಾಡಿಗೆಗೆ ಹಿಡಿದ ಹಳೆಯ ಚರ್ಚ್ ಸಭಾಂಗಣ. ಮುಂದಿನ ಸಾಲಿನಲ್ಲಿ ಹೆಡ್‌ಫೋನ್ ಹಾಕಿಕೊಂಡ ಎಂಟು ಜನ. ಹಿಂದೆ, ಪರದೆ ಇಳಿಬಿಟ್ಟ ಮೂಲೆಯಲ್ಲಿ, ಮೈಕು ಮತ್ತು ಸ್ಕ್ರಿಪ್ಟ್ ಇಟ್ಟುಕೊಂಡ ಮಾಲವಿಕಾ. ಮೊದಲ ಅರ್ಧ ಗಂಟೆ ಎಲ್ಲ ಸರಿ ಹೋಯಿತು. ಆಮೇಲೆ ಮೈಕಿನಿಂದ ಹೆಡ್‌ಫೋನಿಗೆ ಧ್ವನಿ ಕಳಿಸುವ ಯಂತ್ರ ಸತ್ತುಹೋಯಿತು. ಮುಂದಿನ ಸಾಲಿನಲ್ಲಿ ಒಬ್ಬೊಬ್ಬರೇ ಕಿವಿ ಮುಟ್ಟಿಕೊಂಡರು. ಒಬ್ಬರು ಕೈ ಎತ್ತಿದರು. ಸೊಸೈಟಿಯ ಕಾರ್ಯದರ್ಶಿ ಬಂದು ಗುಂಡಿಗಳನ್ನು ಒತ್ತಿ ನೋಡಿದರು. ಚಿತ್ರ ನಿಲ್ಲಿಸಿ ಎಂದು ಮಾಲವಿಕಾ ಕೇಳಿದರು. ಪಿಯಾನೊ ನಡೆಯುತ್ತಿದೆ, ಸಭಾಂಗಣ ತುಂಬಿದೆ, ನಿಲ್ಲಿಸಲಾಗದು, ಅವರಿಗೆ ಇನ್ನೊಂದು ದಿನದ ಟಿಕೆಟ್ ಕೊಡುತ್ತೇವೆ ಎಂದರು ಕಾರ್ಯದರ್ಶಿ.

“ಇನ್ನೊಂದು ದಿನ ಅನ್ನೋದು ಇರ್ಲಿಲ್ಲ, ನೋಡಿ” ಎನ್ನುತ್ತಾರೆ ಮಾಲವಿಕಾ. “ಅದು ಗೊತ್ತಿದ್ದಿದ್ದು ವನಜಾ ಅವ್ರಿಗೆ, ಅವ್ರು ಹೇಳಿದ್ರಿಂದ ನನಗೆ, ಅಷ್ಟೆ.”

ಅವರು ಪರದೆ ಸರಿಸಿ ಹೊರಬಂದು, ಬಗ್ಗಿ ನಡೆದು, ಮುಂದಿನ ಸಾಲಿನ ಕೊನೆಯಲ್ಲಿದ್ದ ಉಮಾಕಾಂತರ ಕಾಲ ಬಳಿ ನೆಲದ ಮೇಲೆ ಕೂತರು. ಸ್ಕ್ರಿಪ್ಟ್ ಓದಲು ಫೋನಿನ ಬೆಳಕು ಹಚ್ಚಿದರೆ ಯಾರೋ ಆರಿಸಿ ಎಂದರು. ಆರಿಸಿದರು. ಕತ್ತಲಲ್ಲಿ ಒಂದು ಸಾಲೂ ನೆನಪಿಗೆ ಬರಲಿಲ್ಲ. ತೆರೆ ನೋಡುತ್ತ ಬಾಯಿ ತೆರೆದಾಗ ಬಂದದ್ದು ಬೆಂಟ್ಲಿಯ ಸೋಫಾದ ಕನ್ನಡ: “ಬಾಗ್ಲ ಹತ್ರ ಬಂದ. ನಿಂತ. ಬಾಗ್ಲು ಅವನ ಎದೆ ಮಟ್ಟಕ್ಕಿದೆ. ಟೋಪಿ ತೆಗ್ದ.”

ಉಮಾಕಾಂತ ಆಲಿಸಿದರು. ಪಕ್ಕದ ಸೀಟಿನ ಮುದುಕಿ ಅವರ ತೋಳು ಹಿಡಿದು, ಏನಂದಳು ಆಕೆ ಎಂದು ಕೇಳಿದರು. ಉಮಾಕಾಂತ ಅದನ್ನು ಇಂಗ್ಲಿಷಿನಲ್ಲಿ ಹೇಳಿದರು. ಮುದುಕಿಯ ಆಚೆಯವರಿಗೆ ಕೇಳಿಸಲಿಲ್ಲ. ಅವರೂ ಕೇಳಿದರು. ಉಮಾಕಾಂತ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಸಾಲಿನ ತುದಿಯವರೆಗೆ ಮುಟ್ಟಲಿಲ್ಲ. ಕೊನೆಗೆ ಅವರು ಕೋಲು ಊರಿ ಎದ್ದು, ತೆರೆಗೆ ಬೆನ್ನು ಮಾಡಿ, ಆ ಏಳು ಜನರಿಗೆ ಮುಖಮಾಡಿ ನಿಂತರು. ಮಾಲವಿಕಾ ಕೆಳಗಿನಿಂದ ಕನ್ನಡದಲ್ಲಿ ಹೇಳುವುದು, ಉಮಾಕಾಂತ ಮೇಲಿನಿಂದ ಇಂಗ್ಲಿಷಿನಲ್ಲಿ ಹೇಳುವುದು. ಹಿಂದಿನ ಸಾಲುಗಳಲ್ಲಿ ಗೊಣಗಾಟ ಎದ್ದಿತು. ಇದು ಮೂಕಿಚಿತ್ರ ಎಂದು ಒಬ್ಬರು ಹೇಳಿದರು. ಕೆಲವರು ಎದ್ದು ಹೋದರು. ಪಿಯಾನೊ ನುಡಿಸುತ್ತಿದ್ದ ಹೆಂಗಸು ಒಮ್ಮೆ ತಿರುಗಿ ನೋಡಿ, ಕೈ ಹಗುರ ಮಾಡಿದರು.

ಉಮಾಕಾಂತರ ತಲೆಯ ನೆರಳು ತೆರೆಯ ಕೆಳಮೂಲೆಗೆ ಬಿದ್ದಿತ್ತು. “ಅದೊಂದನ್ನ ಅವ್ರಿಗೆ ವಿವರಿಸ್ಲಿಲ್ಲ” ಎಂದು ಮಾಲವಿಕಾ ಈಗ ನಗುತ್ತಾರೆ. “ಹೇಳಿದ್ರೆ ಕೂತ್ಬಿಡ್ತಿದ್ರು. ಮಾರನೇ ದಿನ ತಿಂಡಿ ತಿನ್ನುವಾಗ ಹೇಳ್ದೆ.”

ಚಿತ್ರದ ಕೊನೆಗೆ ಬೀಗ ರಿಪೇರಿಯವನು ಮೊಣಕಾಲೂರಿ, ತೆವಳಿ, ಆ ಬಾಗಿಲಿನಿಂದ ಊರಾಚೆಗೆ ಹೋಗುತ್ತಾನೆ. ಅದನ್ನು ಮಾಲವಿಕಾ ಒಂದೊಂದೇ ಪದವಾಗಿ ಹೇಳಿದರು. ಉಮಾಕಾಂತ ಅದನ್ನು ಹಾಗೇ ಸಾಲಿನ ತುದಿಯವರೆಗೆ ಮುಟ್ಟಿಸಿದರು. ದೀಪ ಹತ್ತಿದ ಮೇಲೆ ಜನ ಹೊರಡುತ್ತಿದ್ದರೆ ಉಮಾಕಾಂತ ಅಲ್ಲೇ ನಿಂತು ಕೇಳಿದರು: “ಕೊನೇ ಬಾಗ್ಲು ಎಷ್ಟು ಚಿಕ್ದು? ಕೈಯಲ್ಲಿ ತೋರ್ಸಿ.” ಮಾಲವಿಕಾ, ಉಮಾಕಾಂತರ ಎರಡೂ ಅಂಗೈ ಹಿಡಿದು, ನಡುವೆ ಎಷ್ಟು ಜಾಗ ಬಿಡಬೇಕೋ ಅಷ್ಟು ಬಿಟ್ಟು ಎದುರುಬದುರು ಇಟ್ಟರು. ಉಮಾಕಾಂತ ಆ ಅಳತೆಯನ್ನು ತಮ್ಮ ಎದೆಗೆ, ಭುಜಕ್ಕೆ ಹಿಡಿದು ನೋಡಿದರು. ಆಮೇಲೆ ಪಕ್ಕದ ಮುದುಕಿಯ ಕೈಗಳನ್ನು ಕೇಳಿ ಪಡೆದು, ಅಷ್ಟೇ ದೂರದಲ್ಲಿ ಇಟ್ಟು ತೋರಿಸಿದರು.

ಎಲ್ಲರೂ ಚಪ್ಪಾಳೆ ತಟ್ಟಿದ ಕಥೆ ಇದಲ್ಲ. ಸೊಸೈಟಿಗೆ ದೂರುಗಳು ಬಂದವು. ಕಾರ್ಯದರ್ಶಿ ಮಾಲವಿಕಾ ಅವರಿಗೆ ಸಭ್ಯವಾದ ಇಮೇಲ್ ಕಳಿಸಿದರು: ಯಂತ್ರ ಕೈಕೊಟ್ಟದ್ದಕ್ಕೆ ಕ್ಷಮೆ, ಮುಂದೆ ಕಣ್ಣಿಲ್ಲದವರಿಗೆ ಪ್ರತ್ಯೇಕ ಪ್ರದರ್ಶನ ಏರ್ಪಡಿಸುವ ವಿಚಾರವಿದೆ. ಮಾಲವಿಕಾ ಉತ್ತರ ಬರೆಯಲು ಕೂತು, ಮೂರು ಸಲ ಅಳಿಸಿ, ಪ್ರತ್ಯೇಕ ಪ್ರದರ್ಶನ ಬೇಡ, ಒಳ್ಳೆಯ ಯಂತ್ರ ಕೊಳ್ಳಿ ಎಂದು ಎರಡೇ ಸಾಲು ಕಳಿಸಿದರು. ಆ ಸೊಸೈಟಿ ಮತ್ತೆ ಅವರನ್ನು ಕರೆದಿಲ್ಲ. ಬದಲಾಗಿ, ಆ ರಾತ್ರಿ ಮುಂದಿನ ಸಾಲಿನಲ್ಲಿದ್ದವರ ಸಂಘ ತಮ್ಮ ಲೈಬ್ರರಿಗೆ ಆ ಚಿತ್ರದ ವಿವರಣೆಯನ್ನು ರೆಕಾರ್ಡ್ ಮಾಡಿಕೊಡಿ ಎಂದು ಕೇಳಿತು. ಒಂದರ ಹಿಂದೆ ಇನ್ನೊಂದು ಚಿತ್ರ ಮುಗಿಸಿ, ಈಗ ಕಾರಿನಲ್ಲಿ ಕೂತು ಮತ್ತೆ ಹೇಳುತ್ತಿರುವುದು ಅದೇ ಬೀಗದವನ ಕಥೆಯನ್ನು. ಮೊದಲ ಸಲದ ವಿವರಣೆ ಅವರಿಗೇ ಒಪ್ಪಿಗೆಯಾಗಲಿಲ್ಲವಂತೆ.

ಉಮಾಕಾಂತ ಆಮೇಲೆ ಮನೆಯಲ್ಲಿ ಕೂತಿಲ್ಲ. ಮಾಲವಿಕಾ ರೆಕಾರ್ಡ್ ಮಾಡಿದ್ದೆಲ್ಲ ಮೊದಲು ಹೋಗುವುದು ಅವರಿಗೆ. ಕೇಳಿ, ತಿದ್ದಿ, ಬೈದು ವಾಪಸ್ ಕಳಿಸುತ್ತಾರೆ. ಅಡಿಲೇಡಿನಲ್ಲಿ ಹೆಡ್‌ಫೋನ್ ಸೌಕರ್ಯವಿರುವ ಸಿನಿಮಾ ಮಂದಿರಗಳಿಗೆ ಬಸ್ಸಿನಲ್ಲಿ ತಾವೇ ಹೋಗಿ ಬರುತ್ತಾರೆ. ನಾನು ಫೋನ್ ಮಾಡಿದಾಗ ಅವರು ಮಾಲವಿಕಾರನ್ನು ಹೊಗಳಲಿಲ್ಲ. “ಈಗ್ಲೂ ಜಾಸ್ತಿ ಮಾತಾಡ್ತಾರೆ. ಆದ್ರೆ ಸುಳ್ಳು ಹೇಳಲ್ಲ. ತೆರೆ ಕಪ್ಪಗಿದ್ರೆ ಕಪ್ಪಗಿದೆ ಅಂತಾರೆ, ನಿಗೂಢವಾಗಿದೆ ಅನ್ನಲ್ಲ” ಎಂದರು.

ಮಾಲವಿಕಾ ಅವರನ್ನು ಸದ್ಯ ಕಾಡುತ್ತಿರುವುದು ಒಂದು ಕನ್ನಡ ಪದ. ಹಳೆಯ ಕನ್ನಡ ಚಿತ್ರವೊಂದಕ್ಕೆ ಕನ್ನಡದಲ್ಲೇ ವಿವರಣೆ ಬರೆಯಬೇಕೆಂದು ಹೊರಟಿದ್ದಾರೆ. ಇಂಗ್ಲಿಷಿನಲ್ಲಿ ಗೋಡೆಯ ಮೇಲೆ ಬೀಳುವ ನೆರಳಿಗೆ ಶ್ಯಾಡೊ ಎಂದೊಂದು ಪದ, ಬಿಸಿಲಲ್ಲಿ ಹೋಗಿ ನಿಲ್ಲುವ ನೆರಳಿಗೆ ಶೇಡ್ ಎಂದೊಂದು ಪದ. ಕನ್ನಡದಲ್ಲಿ ಎರಡೂ ನೆರಳೇ. “ನಮಗೆ ನೆರಳು ಅಂದ್ರೆ ತಂಪು. ಬಾ ನೆರಳಿಗೆ ಅಂತೀವಿ. ಆ ಪದ ಇಟ್ಕೊಂಡು ಹೆದರ್ಸೋದು ಹೇಗೆ?” ಉಮಾಕಾಂತರ ಸಲಹೆ, ಹೆದರಿಸಬೇಡಿ, ಯಾರ ನೆರಳು ಅಂತ ಹೇಳಿ ಸಾಕು. ಇವರಿಗೆ ಇನ್ನೂ ಸಮಾಧಾನವಿಲ್ಲ.

ಏಳು ಗಂಟೆಯ ಹೊತ್ತಿಗೆ ಟೂವಾಂಗ್‌ನಲ್ಲಿ ಇರಬೇಕು. ರಜಾಯಿಗಳನ್ನು ಮಡಚಿ ಡಿಕ್ಕಿಗೆ ಹಾಕಿ, ಯೂನಿಫಾರ್ಮ್ ತೊಟ್ಟು ಬಂದು, ಅದೇ ಕಾರಿನ ಅದೇ ಸೀಟಿನಲ್ಲಿ ಕೂರುತ್ತಾರೆ. ಈ ಕೆಲಸದಿಂದ ಏನು ಬಯಸುತ್ತೀರಿ ಎಂದು ಕೇಳುತ್ತೇನೆ. ಅವರು ಗ್ಯಾರೇಜಿನ ಬಾಗಿಲು ಎತ್ತುವ ಗುಂಡಿ ಒತ್ತುತ್ತಾರೆ.

“ಸಿನಿಮಾ ಬಿಟ್ಟ ಮೇಲೆ ಜನ ಹೊರಗೆ ನಿಂತ್ಕೊಂಡು ಜಗಳ ಆಡ್ತಾರಲ್ಲ, ಅವನು ಮಾಡಿದ್ದು ಸರಿ, ಇವಳು ಮಾಡಿದ್ದು ತಪ್ಪು ಅಂತ” ಎನ್ನುತ್ತಾರೆ ಕಾರನ್ನು ಹಿಂದಕ್ಕೆ ತೆಗೆಯುತ್ತ. “ಅಲ್ಲಿ ಕಣ್ಣಿರೋರ ಎದುರಿಗೆ ಕಣ್ಣಿಲ್ದವ್ರೊಬ್ರು ನಿಂತು, ನೀವು ಸರಿಯಾಗಿ ನೋಡಿಲ್ಲ ಕಣ್ರೀ ಅನ್ಬೇಕು. ನಾನು ಪಕ್ಕದಲ್ಲಿ ಯಾರೋ ಅನ್ನೋ ಹಾಗೆ ನಿಂತು ಅದನ್ನ ಕೇಳಿಸ್ಕೋಬೇಕು. ಅಷ್ಟು ಸಾಕು.”